ಇಂಗ್ಲಿಷು ತಿದ್ದಿದರೆ ಪ್ರಬಂಧ ತಿದ್ದಿದಂತಾಯಿತೇ?

ಮೈಸೂರಿನ ಎಂ.ಎನ್. ಶ್ರೀನಿವಾಸ್ ಕೊಡವರ ಮೇಲೆ ಎರಡು ಸಲ ಮಹಾಪ್ರಬಂಧ ಬರೆದರು. ಮೊದಲನೆಯದು ಮುಂಬಯಿಯಲ್ಲಿ, ಜಿ.ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ. ಕೊಡವರ ಒಕ್ಕ, ಮದುವೆ, ಹಬ್ಬ, ಆಚಾರ ಎಂದು ಕಲೆಹಾಕಿದ್ದನ್ನೆಲ್ಲ ಅದರಲ್ಲಿ ತುಂಬಿದ್ದರು. 1945ರಲ್ಲಿ ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್, ಕೊಡಗಿನ ಅದೇ ಸಾಮಗ್ರಿಯನ್ನು ಮುಂದಿಟ್ಟುಕೊಂಡು ಧರ್ಮಕ್ಕೂ ಸಮಾಜರಚನೆಗೂ ಇರುವ ನಂಟನ್ನು ಹುಡುಕುವಂತೆ ಸೂಚಿಸಿದರು. ಅವರು ನಿವೃತ್ತರಾದ ಮೇಲೆ ಇವಾನ್ಸ್-ಪ್ರಿಚರ್ಡ್ ಮಾರ್ಗದರ್ಶಕರಾದರು. 1947ರಲ್ಲಿ ಡಿ.ಫಿಲ್. ಬಂತು, 1952ರಲ್ಲಿ ಪುಸ್ತಕ ಬಂತು. ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ಸಮಾಜಶಾಸ್ತ್ರದಲ್ಲಿ ಬೇರೂರಿದ್ದು ಆ ಪುಸ್ತಕದಿಂದ.

ಎರಡೂ ಪ್ರಬಂಧ ಇಂಗ್ಲಿಷಿನಲ್ಲೇ ಇದ್ದವು. ಮುಂಬಯಿಯಲ್ಲಿದ್ದಾಗ ಶ್ರೀನಿವಾಸರಿಗೆ ಇಂಗ್ಲಿಷು ಸಾಲದಾಗಿತ್ತು, ಆಕ್ಸ್‌ಫರ್ಡಿನಲ್ಲಿ ಸುಧಾರಿಸಿತು ಎಂದು ಯಾರೂ ಹೇಳಲಾರರು. ಬದಲಾದದ್ದು ಪ್ರಶ್ನೆ. ಆ ಪ್ರಶ್ನೆ ಬಂದ ಮೇಲೆ ಯಾವ ವಿವರ ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು, ಯಾವುದು ಬೇಡವೇ ಬೇಡ ಎಂಬುದೂ ತೀರ್ಮಾನವಾಯಿತು. ಉನ್ನತ ವ್ಯಾಸಂಗದ ಮಟ್ಟದಲ್ಲಿ ಇಂಗ್ಲಿಷಿನಲ್ಲಿ ದೀರ್ಘವಾಗಿ ಬರೆಯುವುದನ್ನು ಕಲಿಯುವುದು ಹೇಗೆ ಎಂಬ ಪ್ರಶ್ನೆಗೆ ಕಳೆದ ಅರವತ್ತು ವರ್ಷಗಳಲ್ಲಿ ಬಂದ ಉತ್ತರಗಳು ಹತ್ತಾರು. ಅವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ, ನಾವು ಇಂಗ್ಲಿಷಿನ ತೊಂದರೆ ಎಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ವಾದ ಕಟ್ಟಲು ಬಾರದ ತೊಂದರೆ ಎಂದೇ ನನಗೆ ತೋರುತ್ತದೆ. ಉಳಿದ ಪಾಲು ನಿಜವಾಗಿಯೂ ಇಂಗ್ಲಿಷಿನದು, ಅದನ್ನೂ ತಳ್ಳಿಹಾಕುವಂತಿಲ್ಲ.

ಮೊದಲು ನಮ್ಮ ಹುಡುಗರು ಎಲ್ಲಿಂದ ಬರುತ್ತಾರೆ ನೋಡಿ. ಬಿ.ಎ.ವರೆಗೆ ಕನ್ನಡ ಮಾಧ್ಯಮ, ಎಂ.ಎ.ಯಲ್ಲಿ ಇಂಗ್ಲಿಷು. ಎಂ.ಎ. ಪರೀಕ್ಷೆಯಲ್ಲಿ ಬರೆಯುವ ಅತಿ ಉದ್ದದ ಉತ್ತರವೆಂದರೆ ಆರೇಳು ಪುಟ. ಅದೂ ನೋಟ್ಸ್‌ನಿಂದ ಉರು ಹೊಡೆದದ್ದು. ಪೀಠಿಕೆ, ವಿವರಣೆ, ಉಪಸಂಹಾರ. ಅಡಿಗೆರೆ ಎಳೆದ ನಾಲ್ಕು ಉಪಶೀರ್ಷಿಕೆ. ಉತ್ತರ ಓದುವವರಿಗೆ ವಿಷಯ ಮೊದಲೇ ಗೊತ್ತು, ಬರೆದವರಿಗೂ ಅದು ಗೊತ್ತು. ಹಾಗಾಗಿ ಯಾರಿಗೂ ಏನನ್ನೂ ಒಪ್ಪಿಸಬೇಕಾದ ಪ್ರಮೇಯವೇ ಅಲ್ಲಿಲ್ಲ. ಅಲ್ಲಿಂದ ನೇರವಾಗಿ ಪಿಎಚ್‌.ಡಿ.ಗೆ ಜಿಗಿತ. ಕೇಂಬ್ರಿಜ್‌ನಲ್ಲಿ ಮಾನವಿಕ ವಿಷಯಗಳ ಪ್ರಬಂಧಕ್ಕೆ 80,000 ಪದಗಳ ಮಿತಿ ಇದೆ. ನಮ್ಮಲ್ಲಿ ಮಿತಿಗಿಂತ ದಪ್ಪದ ಮೇಲೆ ಗೌರವ ಹೆಚ್ಚು. ಆರು ಪುಟದಿಂದ ಮುನ್ನೂರು ಪುಟಕ್ಕೆ ಹೋಗುವ ನಡುವೆ ಮೆಟ್ಟಿಲೇ ಇಲ್ಲ. ಇಪ್ಪತ್ತು ಪುಟದ ಬರಹವೊಂದನ್ನು ಬರೆಸಿ, ತಿದ್ದಿ, ಮತ್ತೆ ಬರೆಸುವ ಘಟ್ಟ ನಮ್ಮ ಪಠ್ಯಕ್ರಮದಲ್ಲಿ ಬಹುಮಟ್ಟಿಗೆ ಕಾಣೆಯಾಗಿದೆ.

ಪರದೇಶದ ವಿದ್ಯಾರ್ಥಿಗಳು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದಾಗ ಈ ಪ್ರಶ್ನೆ ಅಲ್ಲಿಯೂ ಎದ್ದಿತು. ವ್ಯಾಕರಣ ಸರಿಯಾಗಿದೆ, ಆದರೂ ಪ್ರಬಂಧ ಓದಿಸಿಕೊಂಡು ಹೋಗುವುದಿಲ್ಲ, ಏಕೆ? 1966ರಲ್ಲಿ ರಾಬರ್ಟ್ ಕ್ಯಾಪ್ಲಾನ್ ಒಂದು ಉತ್ತರ ಕೊಟ್ಟರು: ಒಂದೊಂದು ಸಂಸ್ಕೃತಿಗೆ ಒಂದೊಂದು ಆಲೋಚನಾ ವಿನ್ಯಾಸ. ಅದನ್ನು ಐದು ಗೀಟು ಚಿತ್ರಗಳಲ್ಲಿ ತೋರಿಸಿಯೂ ಬಿಟ್ಟರು. ಇಂಗ್ಲಿಷು ನೇರಗೆರೆ, ಪೌರ್ವಾತ್ಯರದು ಸುತ್ತಿ ಸುತ್ತಿ ಒಳಗೆ ಹೋಗುವ ಸುರುಳಿ, ಸೆಮಿಟಿಕ್ ಭಾಷೆಗಳವರದು ಸಮಾನಾಂತರ ಗೆರೆಗಳು, ಹೀಗೆ. ಚಿತ್ರ ನೆನಪಿನಲ್ಲಿ ಉಳಿಯುವಂಥದು, ಅದಕ್ಕೇ ಅಪಾಯಕಾರಿ. ಕನ್ನಡ, ತಮಿಳುಗಳಿಗೆ ಆ ಐದರಲ್ಲಿ ಜಾಗವೇ ಇರಲಿಲ್ಲ. ಆದರೂ ‘ಭಾರತೀಯರು ಸುತ್ತಿಬಳಸಿ ಬರೆಯುತ್ತಾರೆ’ ಎಂಬ ಮಾತು ಮೇಷ್ಟ್ರುಗಳ ಬಾಯಲ್ಲಿ ಇಂದಿಗೂ ಓಡಾಡುತ್ತಿದೆ. ಮೀಮಾಂಸಕರ ಅಧಿಕರಣವನ್ನು ನೋಡಿದವರು ಈ ಮಾತು ಆಡಲಾರರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂದು ಅಲ್ಲಿ ಕ್ರಮ ಗಟ್ಟಿಯಾಗಿದೆ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಮುರಿಯಬೇಕು. ಇದಕ್ಕಿಂತ ನೇರವಾದ ಗೆರೆ ಎಲ್ಲಿದೆ? ಕ್ಯಾಪ್ಲಾನ್ ಕೂಡ ಮುಂದೆ ತಮ್ಮ ನಿಲುವನ್ನು ಸಡಿಲಿಸಿದರು. ನಮ್ಮ ವಿದ್ಯಾರ್ಥಿ ಸುತ್ತಿಬಳಸುವುದು ಸಂಸ್ಕೃತಿಯಿಂದಲ್ಲ, ಏನು ಹೇಳಬೇಕು ಎಂಬುದು ಇನ್ನೂ ಗಟ್ಟಿಯಾಗದ್ದರಿಂದ. ಇಂಗ್ಲೆಂಡಿನಲ್ಲಿ ಹುಟ್ಟಿದ ವಿದ್ಯಾರ್ಥಿಯೂ ಆ ಘಟ್ಟದಲ್ಲಿ ಸುತ್ತಿಬಳಸಿಯೇ ಬರೆಯುತ್ತಾನೆ.

ಹೆಚ್ಚು ಕೆಲಸಕ್ಕೆ ಬಂದ ಉತ್ತರ ಜಾನ್ ಸ್ವೇಲ್ಸ್ ಅವರದು. ಸುಡಾನಿನ ಖಾರ್ಟೂಮ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷು ಕಲಿಸಿದ್ದ ಇವರು, ಆಮೇಲೆ ಇಂಗ್ಲೆಂಡಿನ ಆಸ್ಟನ್‌ನಲ್ಲಿದ್ದಾಗ 48 ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಚ್ಚಿ ನೋಡಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಜ್ಞಾನವಾಗಲಿ ಸಮಾಜವಿಜ್ಞಾನವಾಗಲಿ, ಪೀಠಿಕೆಗಳು ಹೆಚ್ಚುಕಡಿಮೆ ಒಂದೇ ನಡೆ ನಡೆಯುತ್ತಿದ್ದವು. ಮಿಷಿಗನ್‌ಗೆ ಹೋದ ಮೇಲೆ, 1990ರ ತಮ್ಮ ಪುಸ್ತಕದಲ್ಲಿ ಸ್ವೇಲ್ಸ್ ಅದನ್ನು ಮೂರು ಹೆಜ್ಜೆಗಳಿಗೆ ಇಳಿಸಿದರು. ಮೊದಲು ಕ್ಷೇತ್ರ ತೋರಿಸು, ಆಮೇಲೆ ಅದರಲ್ಲಿ ಖಾಲಿ ಉಳಿದ ಜಾಗ ತೋರಿಸು, ಕೊನೆಗೆ ಆ ಜಾಗದಲ್ಲಿ ನೀನು ಕೂತುಕೋ. ಈ ಲೆಕ್ಕ ಹಿಡಿದು ನಮ್ಮ ಪ್ರಬಂಧಗಳ ಪೀಠಿಕೆ ಓದಿದರೆ ರೋಗ ಎಲ್ಲಿದೆ ಎಂದು ಕೂಡಲೇ ಗೊತ್ತಾಗುತ್ತದೆ. ಮೊದಲ ಹೆಜ್ಜೆ ವೇದಕಾಲದಿಂದ ಶುರುವಾಗಿ ನಲವತ್ತು ಪುಟ ಹಿಡಿಯುತ್ತದೆ. ಮೂರನೆಯದು ‘ಆದ್ದರಿಂದ ಈ ಅಧ್ಯಯನ ಅಗತ್ಯ’ ಎಂಬ ಒಂದು ಸಾಲು. ನಡುವಿನ ಹೆಜ್ಜೆ, ಅಂದರೆ ಹಿಂದಿನವರು ಏನನ್ನು ಬಿಟ್ಟರು, ಎಲ್ಲಿ ತಪ್ಪಿದರು ಎಂದು ಹೇಳುವ ಭಾಗ, ಇರುವುದೇ ಇಲ್ಲ. ಇದ್ದರೂ ‘ಈ ಜಿಲ್ಲೆಯಲ್ಲಿ ಇಂಥ ಅಧ್ಯಯನ ನಡೆದಿಲ್ಲ’ ಎಂಬಲ್ಲಿಗೆ ಮುಗಿಯುತ್ತದೆ. ಯಾವ ಜಿಲ್ಲೆಯಲ್ಲಿ ಯಾವುದು ನಡೆದಿಲ್ಲ ಎಂದು ಹುಡುಕುತ್ತ ಹೊರಟರೆ ಕರ್ನಾಟಕ ಒಂದರಲ್ಲೇ ಸಾವಿರ ಪಿಎಚ್‌.ಡಿ. ಹುಟ್ಟಿಸಬಹುದು!

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೋಲಾರ ಜಿಲ್ಲೆಯ ಸ್ತ್ರೀಶಕ್ತಿ ಸಂಘಗಳ ಮೇಲೆ ಬರೆಯುವ ಒಬ್ಬ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ಅವಳ ‘ರಿವ್ಯೂ ಆಫ್ ಲಿಟರೇಚರ್’ ಅಧ್ಯಾಯದಲ್ಲಿ ಪ್ರತಿ ಪ್ಯಾರಾ ಒಂದು ಹೆಸರು, ಒಂದು ಇಸವಿಯಿಂದ ಶುರುವಾಗುತ್ತದೆ. ಇಂಥವರು ಇಂತಿಷ್ಟು ಮಂದಿಯನ್ನು ಮಾತಾಡಿಸಿ ಹೀಗೆ ಹೇಳಿದ್ದಾರೆ. ಮುಂದಿನ ಪ್ಯಾರಾ, ಇನ್ನೊಬ್ಬರು. ವ್ಯಾಕರಣದ ತಪ್ಪು ಒಂದೂ ಇಲ್ಲ, ಓದಲು ಮಾತ್ರ ಆಗುವುದಿಲ್ಲ. ಆದರೆ ಇಂಥ ಸಂಘಗಳ ಮೂಲಕ ಹೆಂಗಸರಿಗೆ ಸಿಗುವ ಸಾಲದ ವಿಷಯದಲ್ಲಿ ನಿಜವಾಗಿಯೂ ಒಂದು ಜಗಳ ನಡೆದಿದೆ. 1996ರಲ್ಲಿ ‘ವರ್ಲ್ಡ್ ಡೆವಲಪ್‌ಮೆಂಟ್’ ಪತ್ರಿಕೆಯಲ್ಲಿ ಬಾಂಗ್ಲಾದೇಶದ ಬಗ್ಗೆ ಎರಡು ಲೇಖನ ಬಂದವು. ಗೋಟ್ಸ್ ಮತ್ತು ಸೇನ್ ಗುಪ್ತ, ಹೆಂಗಸರ ಹೆಸರಿನ ಸಾಲದಲ್ಲಿ ಬಹಳಷ್ಟು ಗಂಡಸರ ಹಿಡಿತದಲ್ಲಿದೆ ಎಂದರು. ಹಶೆಮಿ, ಶೂಲರ್ ಮತ್ತು ರೈಲಿ, ಸಾಲ ಹೆಂಗಸರ ಬಲ ಹೆಚ್ಚಿಸಿದೆ ಎಂದರು. 2001ರಲ್ಲಿ ನೈಲಾ ಕಬೀರ್, ಒಂದೇ ದೇಶ, ಒಂದೇ ಬಗೆಯ ಸಾಲ, ಆದರೂ ತೀರ್ಮಾನಗಳು ಇಷ್ಟು ಬೇರೆಯಾದದ್ದೇಕೆ ಎಂಬುದನ್ನೇ ಪ್ರಶ್ನೆ ಮಾಡಿಕೊಂಡು ಬರೆದರು: ‘ಸಬಲೀಕರಣ’ವನ್ನು ಯಾರು ಯಾವ ಕೋಲಿನಿಂದ ಅಳೆದರು ಎಂದು ಕೇಳಿದರು.

ವಿದ್ಯಾರ್ಥಿನಿಯ ಪಟ್ಟಿಯಲ್ಲಿ ಈ ಹೆಸರುಗಳೆಲ್ಲ ಇದ್ದಾವು. ಆದರೆ ಅಕ್ಷರಮಾಲೆಯ ಪ್ರಕಾರವೋ ಇಸವಿಯ ಪ್ರಕಾರವೋ ಸಾಲಾಗಿ ನಿಂತಿರುತ್ತವೆ, ಒಬ್ಬರಿಗೊಬ್ಬರು ಮಾತಾಡುವುದಿಲ್ಲ. ಅವರನ್ನು ಎದುರುಬದುರು ಕೂರಿಸಿ, ‘ಸಾಲ ಯಾರ ಕೈಯಲ್ಲಿದೆ ಎಂಬುದಕ್ಕೆ ಇವರು ನೋಡಿದ ಸಾಕ್ಷ್ಯ ಇದು, ಅವರು ನೋಡಿದ್ದು ಅದು; ಕೋಲಾರದಲ್ಲಿ ನಾನು ಕಂತು ಕಟ್ಟಲು ದುಡ್ಡು ಎಲ್ಲಿಂದ ಬಂತು ಎಂದು ಕೇಳುತ್ತೇನೆ’ ಎಂದು ಬರೆದ ಕ್ಷಣ ಅಧ್ಯಾಯಕ್ಕೆ ಬೆನ್ನುಮೂಳೆ ಬರುತ್ತದೆ. ಈ ಬದಲಾವಣೆಗೆ ಹೊಸ ಇಂಗ್ಲಿಷ್ ಪದ ಒಂದೂ ಬೇಕಿಲ್ಲ. ಬೇಕಾದದ್ದು ‘ಇವರಿಬ್ಬರೂ ಒಟ್ಟಿಗೆ ಸರಿಯಿರಲು ಸಾಧ್ಯವೇ?’ ಎಂದು ಪಕ್ಕದಲ್ಲಿ ಕೂತು ಕೇಳುವ ಒಬ್ಬರು.

ಇನ್ನು ವಾಕ್ಯದ ಮಟ್ಟ. ಇಲ್ಲಿ ಕನ್ನಡಿಗರಿಗೆ ನಿಜವಾದ ತೊಡಕುಗಳಿವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ವಿಶೇಷಣವಾಗುವ ಮಾತೆಲ್ಲ ನಾಮಪದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ. ಇಂಗ್ಲಿಷು ಕರ್ತೃ, ಕ್ರಿಯೆ ಎರಡನ್ನೂ ಬೇಗ ಕೇಳುತ್ತದೆ, ಉಳಿದದ್ದನ್ನು ಹಿಂದಿನಿಂದ ಎಳೆದುಕೊಂಡು ಬರುತ್ತದೆ. ‘ಎ’, ‘ದಿ’ಗಳ ಗೋಳು ಹೇಳುವುದೇ ಬೇಡ, ಇಪ್ಪತ್ತು ವರ್ಷ ಇಂಗ್ಲಿಷಿನಲ್ಲಿ ಪಾಠ ಮಾಡಿದವರೂ ಅಲ್ಲಿ ಎಡವುತ್ತಾರೆ. ಆದರೆ ಓದುಗ ದಣಿಯುವುದು ‘ದಿ’ ಬಿಟ್ಟುಹೋದದ್ದಕ್ಕಲ್ಲ. ‘ಆನ್ ಅನಾಲಿಸಿಸ್ ಆಫ್ ದಿ ಡೇಟಾ ವಾಸ್ ಕಂಡಕ್ಟೆಡ್ ಬೈ ದಿ ರಿಸರ್ಚರ್’ ಎಂಬಂಥ ವಾಕ್ಯ ಸಾಲುಸಾಲಾಗಿ ಬಂದಾಗ ದಣಿಯುತ್ತಾನೆ. ‘ಐ ಅನಲೈಸ್ಡ್ ದಿ ಡೇಟಾ’ ಎಂದರೆ ಆಗುತ್ತಿತ್ತು. ಷಿಕಾಗೋ ವಿಶ್ವವಿದ್ಯಾಲಯದ ಜೋಸೆಫ್ ವಿಲಿಯಮ್ಸ್ ಜೀವಮಾನವಿಡೀ ಕಲಿಸಿದ್ದು ಮುಖ್ಯವಾಗಿ ಎರಡೇ ಪಾಠ: ಕ್ರಿಯೆಯನ್ನು ಕ್ರಿಯಾಪದದಲ್ಲೇ ಇಡು, ಗೊತ್ತಿರುವುದರಿಂದ ವಾಕ್ಯ ಶುರುಮಾಡಿ ಹೊಸದಕ್ಕೆ ಹೋಗು. ಎರಡನೆಯದಕ್ಕೆ ಬೇಕಾದರೆ ಕರ್ಮಣಿ ಪ್ರಯೋಗವೂ ಸರಿ ಎಂದರು ಅವರು. ಕನ್ನಡದಲ್ಲಿ ವಿಭಕ್ತಿಯ ಬಲದಿಂದ ಪದಗಳನ್ನು ಹಿಂದೆಮುಂದೆ ಮಾಡಿ ಈ ಎರಡನೆಯ ಕೆಲಸವನ್ನು ನಾವು ದಿನವೂ ಸಲೀಸಾಗಿ ಮಾಡುತ್ತೇವೆ. ಅದೇ ವಿವೇಕವನ್ನು ಇಂಗ್ಲಿಷಿಗೆ ಒಯ್ಯಬಹುದು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಮಾತಿನ ತೂಕದ ವಿಷಯವೂ ಹಾಗೆಯೇ. ಕೆನ್ ಹೈಲ್ಯಾಂಡ್ 1998ರಲ್ಲಿ ವಿಜ್ಞಾನ ಲೇಖನಗಳ ಮೇಲೆ ಬರೆದ ಪುಸ್ತಕದಲ್ಲಿ, ವಿಜ್ಞಾನಿಗಳು ಎಷ್ಟು ಖಚಿತವಿದ್ದಾರೋ ಅಷ್ಟೇ ಹೇಳಲು ಬಳಸುವ ‘ಬಹುದು’, ‘ತೋರುತ್ತದೆ’ ಬಗೆಯ ಮಾತುಗಳನ್ನು ವಿಸ್ತಾರವಾಗಿ ಗುರುತಿಸಿದರು. ‘ಅವನು ಬಂದ’, ‘ಬಂದನಂತೆ’, ‘ಬಂದಿರಬೇಕು’, ‘ಬಂದಿರಬಹುದು’ ಎಂದು ಮನೆಯ ಜಗಲಿಯಲ್ಲೇ ತೂಗಿ ಮಾತಾಡುವ ಕನ್ನಡಿಗ, ಇಂಗ್ಲಿಷ್ ಪ್ರಬಂಧಕ್ಕೆ ಬಂದೊಡನೆ ಅರವತ್ತು ಜನರ ಪ್ರಶ್ನಾವಳಿ ಹಿಡಿದು ‘ಸಾಬೀತಾಗಿದೆ’ ಎಂದು ಬರೆದುಬಿಡುತ್ತಾನೆ.

ಬರೆಯುವ ಅಭ್ಯಾಸದ ಬಗ್ಗೆ ಬಂದ ಪುಸ್ತಕಗಳದೇ ಒಂದು ಕಪಾಟು. ತಪ್ಪೋ ಒಪ್ಪೋ ಹತ್ತು ನಿಮಿಷ ನಿಲ್ಲಿಸದೆ ಬರೆ ಎಂದ ಪೀಟರ್ ಎಲ್ಬೋ (1973), ವೇಳಾಪಟ್ಟಿ ಹಾಕಿಕೊಂಡು ದಿನವೂ ಬರೆ ಎಂದ ಪಾಲ್ ಸಿಲ್ವಿಯಾ (2007), ಹನ್ನೆರಡು ವಾರದಲ್ಲಿ ಲೇಖನ ಮುಗಿಸು ಎಂದ ವೆಂಡಿ ಬೆಲ್ಚರ್ (2009). ಸಲಹೆಗಳು ಒಳ್ಳೆಯವೇ. ಬಾಗಿಲು ಹಾಕಿಕೊಂಡು ಕೂರಲು ಸ್ವಂತ ಕೋಣೆ ಇರುವವರಿಗೆ ಇನ್ನೂ ಒಳ್ಳೆಯವು. ಬೆಳಗ್ಗೆ ಅತಿಥಿ ಉಪನ್ಯಾಸಕಿಯಾಗಿ ಪಾಠ, ಸಂಜೆ ಮನೆಗೆಲಸ, ನಡುವೆ ಬಸ್ಸು ಎಂದು ಬದುಕುವವರಿಗೆ ಈ ಪುಸ್ತಕಗಳು ಅಪರಾಧಿ ಭಾವವನ್ನಷ್ಟೇ ಕೊಡುತ್ತವೆ.

ಈ ಅಸಮತೆಯನ್ನೇ ವಿಷಯ ಮಾಡಿಕೊಂಡವರಲ್ಲಿ ನನಗೆ ಮುಖ್ಯರಾಗಿ ಕಾಣುವವರು ಸುರೇಶ್ ಕನಗರಾಜ. ಶ್ರೀಲಂಕೆಯ ತಮಿಳರು, ಅಂತರ್ಯುದ್ಧದ ದಿನಗಳಲ್ಲಿ ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಕಾಗದವಿಲ್ಲ, ಕರೆಂಟಿಲ್ಲ, ಹೊಸ ಪತ್ರಿಕೆಗಳು ಕೈಗೆ ಸಿಗುವುದಿಲ್ಲ. ಆದರೆ ಲೇಖನ ಬೆರಳಚ್ಚಾಗಿ ಇಷ್ಟು ಪ್ರತಿ ಬರಬೇಕು, ಇತ್ತೀಚಿನ ಆಕರಗಳು ಇರಬೇಕು ಎಂದು ಪಶ್ಚಿಮದ ಸಂಪಾದಕರು ಕೇಳುತ್ತಾರೆ. 2002ರ ಅವರ ಪುಸ್ತಕ ಈ ರಾಜಕೀಯವನ್ನು ಬಿಚ್ಚಿಡುತ್ತದೆ. 2023ರಲ್ಲಿ ತತ್ಸುಯಾ ಅಮಾನೊ ಮತ್ತು ಸಂಗಡಿಗರು ಇದೇ ಅಸಮತೆಗೆ ಅಂಕಿ ಕೊಟ್ಟರು. ಎಂಟು ದೇಶಗಳ 908 ಪರಿಸರ ವಿಜ್ಞಾನಿಗಳನ್ನು ಕೇಳಿದಾಗ, ಇಂಗ್ಲಿಷು ತಾಯ್ನುಡಿಯಲ್ಲದವರ ಲೇಖನಗಳು ಭಾಷೆಯ ಕಾರಣಕ್ಕೆ ತಿರಸ್ಕೃತವಾಗುವುದು ಸುಮಾರು ಎರಡೂವರೆ ಪಟ್ಟು ಹೆಚ್ಚು, ಭಾಷೆ ತಿದ್ದಿ ಎಂದು ವಾಪಸ್ಸಾಗುವುದು 12.5 ಪಟ್ಟು ಹೆಚ್ಚು ಎಂದು ಕಂಡುಬಂತು. ಭಾರತ ಆ ಎಂಟರಲ್ಲಿ ಇರಲಿಲ್ಲ, ನೇಪಾಳ ಮತ್ತು ಬಾಂಗ್ಲಾದೇಶ ಇದ್ದವು.

ಹೈಲ್ಯಾಂಡ್ 2016ರಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತು ಬರೆದಿದ್ದರು. ಭಾಷೆಯ ಅನ್ಯಾಯ ಎಂಬುದು ಒಂದು ಮಿಥ್ಯೆ. ಪಾಂಡಿತ್ಯದ ಬರಹ ಯಾರಿಗೂ ತಾಯ್ನುಡಿಯಲ್ಲ, ಎಲ್ಲರೂ ಹೊಸದಾಗಿ ಕಲಿಯಬೇಕು ಎಂಬುದು ಅವರ ವಾದ. ಅರ್ಧ ಒಪ್ಪುತ್ತೇನೆ. ಕಲಿಯಬೇಕಾದ್ದು ಎಲ್ಲರಿಗೂ ಹೊಸದು, ನಿಜ. ಆದರೆ ಒಂದು ಪುಟ ಓದಲು ಒಬ್ಬಳಿಗೆ ಐದು ನಿಮಿಷ, ಇನ್ನೊಬ್ಬಳಿಗೆ ಹತ್ತು ನಿಮಿಷ ಹಿಡಿಯುವುದಾದರೆ, ಐದು ವರ್ಷದ ಕೊನೆಗೆ ಇಬ್ಬರೂ ಓದಿರುವ ಪುಸ್ತಕಗಳ ಲೆಕ್ಕ ಒಂದೇ ಆಗಿರುವುದಿಲ್ಲ. ಭಾಷೆಯ ಸುಂಕ ಬೀಳುವುದು ಬರೆಯುವಾಗ ಮಾತ್ರವಲ್ಲ, ಅದಕ್ಕೂ ಮೊದಲು, ಓದುವಾಗ. ವಾದ ಕಟ್ಟಲು ಬೇಕಾದ ಸರಕು ಬರುವುದು ಓದಿನಿಂದಲೇ ಆದ್ದರಿಂದ ಕಟ್ಟಡವೂ ಸಣ್ಣದಾಗುತ್ತದೆ.

ನಮ್ಮ ವ್ಯವಸ್ಥೆ ಇದಕ್ಕೆಲ್ಲ ಕೊಟ್ಟ ಉತ್ತರ ಒಂದು ಶೇಕಡಾವಾರು ಅಂಕಿ. ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಪ್ರಕಾರ ಹೋಲಿಕೆ ಶೇ. 10ರೊಳಗಿದ್ದರೆ ಶಿಕ್ಷೆಯಿಲ್ಲ, 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಕಳ್ಳತನ ನಿಲ್ಲಬೇಕು, ಸರಿ. ಆದರೆ ಅಮೆರಿಕದ ರೆಬೆಕಾ ಮೂರ್ ಹವರ್ಡ್ ಮೂವತ್ತು ವರ್ಷಗಳ ಹಿಂದೆಯೇ ತೋರಿಸಿದ್ದರು: ಬೇರೆಯವರ ವಾಕ್ಯ ತೆಗೆದುಕೊಂಡು ಅಲ್ಲೊಂದು ಇಲ್ಲೊಂದು ಪದ ಬದಲಿಸುವ ತೇಪೆ ಬರಹ ಬಹಳ ಸಲ ಕಳ್ಳತನವಲ್ಲ, ವಿಷಯ ಪೂರ್ತಿ ದಕ್ಕದವರು ಕಲಿಯುವ ದಾರಿಯಲ್ಲಿ ಹಾಯುವ ಒಂದು ಘಟ್ಟ. ಆ ಘಟ್ಟದಲ್ಲಿರುವವರಿಗೆ ನಾವು ಓದಿ ಅರ್ಥಮಾಡಿಕೊಳ್ಳುವುದನ್ನು ಕಲಿಸಲಿಲ್ಲ, ಅಂಕಿ ಇಳಿಸುವುದನ್ನು ಕಲಿಸಿದೆವು. ಫಲ ಕಣ್ಣಮುಂದಿದೆ. ಸಮಾನಾರ್ಥಕ ಪದ ತುರುಕಿ ತುರುಕಿ ಯಂತ್ರದ ಕಣ್ಣು ತಪ್ಪಿಸಿದ, ಮನುಷ್ಯರಿಗೆ ಓದಲಾಗದ ಪುಟಗಳು. ವಿಶ್ವವಿದ್ಯಾಲಯದ ಗೇಟಿನೆದುರು ಡಿಟಿಪಿ, ಬೈಂಡಿಂಗ್ ಜೊತೆಗೆ ‘ಪ್ಲೇಜರಿಸಂ ಕಡಿಮೆ ಮಾಡಿಕೊಡಲಾಗುವುದು’ ಎಂದು ಬೋರ್ಡು ಹಾಕಿಕೊಂಡರೂ ಇಂದು ಯಾರಿಗೂ ಸೋಜಿಗವಾಗದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ಕಸುಬಿಗೂ ಪೆಟ್ಟು ಬಿದ್ದಿರಬೇಕು. ಯಂತ್ರ ಬರೆದದ್ದನ್ನು ಹಿಡಿಯುತ್ತೇವೆ ಎಂದು ಹೊರಟ ಪತ್ತೆ ಸಾಧನಗಳ ಕಥೆ ಬೇರೆಯೇ ಇದೆ. ಸ್ಟ್ಯಾನ್‌ಫರ್ಡಿನ ಸಂಶೋಧಕರು 2023ರಲ್ಲಿ, ಇಂಗ್ಲಿಷು ತಾಯ್ನುಡಿಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಅಂಥ ಏಳು ಸಾಧನಗಳಿಗೆ ಕೊಟ್ಟರು. ಮನುಷ್ಯರೇ ಬರೆದ ಅವುಗಳಲ್ಲಿ ಸರಾಸರಿ ಶೇ. 61ರಷ್ಟನ್ನು ಸಾಧನಗಳು ಯಂತ್ರದ್ದೆಂದವು. ಪದಸಂಪತ್ತು ಕಡಿಮೆಯಿದ್ದದ್ದೇ ತಪ್ಪಾಯಿತು. ಕನ್ನಡ ಮಾಧ್ಯಮದ ವಿದ್ಯಾರ್ಥಿ ತನ್ನ ‘ದಿ’ಗಳನ್ನು ಯಂತ್ರದಿಂದ ತಿದ್ದಿಸಿಕೊಂಡರೆ ನನ್ನ ತಕರಾರಿಲ್ಲ. ಉಳ್ಳವರು ಹಿಂದೆ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಿದ್ದದ್ದು ಈಗ ಎಲ್ಲರಿಗೂ ಸಿಕ್ಕಿದೆ. ಆದರೆ ಇಂಗ್ಲಿಷು ಹೀಗೆ ಪುಕ್ಕಟೆಯಾಗಿ ನುಣುಪಾದ ಮೇಲೂ ಅಧ್ಯಾಯಗಳು ಅಷ್ಟೇ ಟೊಳ್ಳಾಗಿದ್ದರೆ, ರೋಗ ಇಂಗ್ಲಿಷಿನದಾಗಿರಲಿಲ್ಲ ಎಂದೇ ಅರ್ಥ.

ವಾದ ಕಟ್ಟುವುದನ್ನು ಕನ್ನಡದಲ್ಲೇ ಕಲಿಯಬಹುದು ಎಂಬುದನ್ನು ಇಂಗ್ಲಿಷ್ ವಿಭಾಗಗಳು ಮರೆಯುತ್ತವೆ. ಎಂ. ಚಿದಾನಂದಮೂರ್ತಿ ಅವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಕನ್ನಡದಲ್ಲಿ ಬರೆದ ಪಿಎಚ್‌.ಡಿ. ಪ್ರಬಂಧ. ಸಾಕ್ಷ್ಯದಿಂದ ತೀರ್ಮಾನಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗುವುದು ಹೇಗೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯೂ ಅದರಿಂದ ಕಲಿಯಬಹುದು. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯದ ಮೇಲೆ ಪ್ರಬಂಧ ಬರೆಯುತ್ತಿದ್ದ ದಿನಗಳಲ್ಲೇ ಕನ್ನಡದಲ್ಲಿ ‘ಸಂಸ್ಕಾರ’ವನ್ನೂ ಬರೆದರು, ಒಂದು ಭಾಷೆ ಇನ್ನೊಂದಕ್ಕೆ ಅಡ್ಡಬರಲಿಲ್ಲ. ಅಧ್ಯಾಯ ಬರೆಯುವ ಮುನ್ನ ಅದರ ವಾದವನ್ನು ಗೆಳೆಯರೊಬ್ಬರಿಗೆ ಕನ್ನಡದಲ್ಲಿ ಹೇಳಿನೋಡಿ ಎಂದು ಮಾರ್ಗದರ್ಶಕರು ಕಡ್ಡಾಯ ಮಾಡಬಹುದು. ಕನ್ನಡದಲ್ಲೂ ಹೇಳಲು ಬಾರದಿದ್ದರೆ ಅದಿನ್ನೂ ಬರೆಯಲು ಸಿದ್ಧವಾಗಿಲ್ಲ.

ಕೊನೆಗೂ ಪ್ರಶ್ನೆ ಬಂದು ನಿಲ್ಲುವುದು ಕರಡನ್ನು ಓದುವವರು ಯಾರು ಎಂಬಲ್ಲಿ. ಯುಜಿಸಿ ನಿಯಮದಂತೆ ಪ್ರಾಧ್ಯಾಪಕರೊಬ್ಬರು ಒಂದೇ ವೇಳೆಗೆ ಎಂಟು ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು. ಎಂಟು ಜನ, ತಲಾ ಐದು ಅಧ್ಯಾಯ, ಅಧ್ಯಾಯಕ್ಕೆ ನಲವತ್ತು ಪುಟ, ಒಂದೊಂದನ್ನು ಎರಡೇ ಸಲ ಓದಿದರೂ 3,200 ಪುಟ. ಇದಕ್ಕೆ ಯಾವ ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲಿ ಎಷ್ಟು ತಾಸು ಮೀಸಲಿದೆ? ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಇದೆ, ಸಂಶೋಧನಾ ನೀತಿಯ ಮೇಲೆ ಎರಡು ಕ್ರೆಡಿಟ್‌ನ ಕಡ್ಡಾಯ ಪಾಠ 2019ರಿಂದ ಇದೆ. ವಿದ್ಯಾರ್ಥಿಗಳು ವಾರಕ್ಕೊಮ್ಮೆ ಕೂತು ಒಬ್ಬರ ಹತ್ತು ಪುಟವನ್ನು ಇನ್ನೊಬ್ಬರು ಓದಿ ತಕರಾರು ತೆಗೆಯುವ ಕೂಟಕ್ಕೆ ಇದರಲ್ಲೇ ಎರಡು ಕ್ರೆಡಿಟ್ ಎತ್ತಿಡಲು ಅಡ್ಡಿಯೇನೂ ಇಲ್ಲ. ಅದಕ್ಕೆ ಸಾಫ್ಟ್‌ವೇರ್ ಬೇಡ, ಅನುದಾನ ಬೇಡ; ಒಂದು ಕೊಠಡಿ, ಬೀಗದ ಕೈ ಇರುವ ಒಬ್ಬ ಅಟೆಂಡರ್, ಮತ್ತು ತಮ್ಮ ವಿದ್ಯಾರ್ಥಿಯ ಕರಡನ್ನು ಬೇರೆಯವರು ಓದಿದರೆ ಬೇಸರಪಡದ ಮಾರ್ಗದರ್ಶಕರು ಬೇಕು. ಮೂರರಲ್ಲಿ ಸಿಗುವುದು ಕಷ್ಟವಾದದ್ದು ಕೊನೆಯದೇ.